ಸೀಸರನ ಶವದ ಮುಂದೆ ಎರಡು ಭಾಷಣಗಳು

ಷೇಕ್ಸ್‌ಪಿಯರ್ ಮಹಾಕವಿಯ ‘ಜೂಲಿಯಸ್ ಸೀಸರ್’ ನಾಟಕದ ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ, ರೋಮ್ ನಗರದ ಪೌರರ ಮುಂದೆ, ಒಂದೇ ವೇದಿಕೆಯ ಮೇಲೆ ನಿಂತು, ಒಬ್ಬನಾದ ಮೇಲೊಬ್ಬನಂತೆ ಇಬ್ಬರು ಮಾತನಾಡುತ್ತಾರೆ. ಮೊದಲನೆಯವನು ಸೀಸರನನ್ನು ಕೊಂದವರ ಅಗ್ರಣಿಯಾದ ಮಾರ್ಕಸ್ ಬ್ರೂಟಸ್. ಎರಡನೆಯವನು ಸೀಸರನ ಆಪ್ತನಾದ ಮಾರ್ಕ್ ಆಂಟನಿ. ಮೊದಲನೆಯವನು ಮಾತು ಮುಗಿಸಿದಾಗ ಜನಸಮೂಹ ಜಯಘೋಷ ಮಾಡಿ, ಅವನನ್ನು ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ಯಲು ಹಾತೊರೆಯುತ್ತದೆ. ಎರಡನೆಯವನು ಮುಗಿಸಿದಾಗ ಅದೇ ಜನಸಮೂಹ ಅದೇ ಮನೆಗೆ ಕೊಳ್ಳಿಯಿಡಲು ಧಾವಿಸುತ್ತದೆ. ವಾಕ್ಕಿನ ಶಕ್ತಿಯನ್ನು ಕುರಿತು ಚಿಂತಿಸಿದ ಪಾಶ್ಚಾತ್ಯ ವಿದ್ವಾಂಸರಲ್ಲಿ ಬಹುಮಂದಿ ಒಂದಲ್ಲ ಒಂದು ಸಂದರ್ಭದಲ್ಲಿ ಈ ದೃಶ್ಯವನ್ನು ಎತ್ತಿಕೊಂಡಿದ್ದಾರೆ. ಇಂಗ್ಲಿಷ್ ಪಠ್ಯವಾಗಿ ಈ ನಾಟಕವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೂ ಇದು ಪರಿಚಿತವಾದುದೇ. ಓದಿದವರಲ್ಲಿ ಬಹುಪಾಲು ಜನರ ನೆನಪಿನಲ್ಲಿ ಉಳಿದಿರುವ ತೀರ್ಪು ಇಂತಿದೆ: ಬ್ರೂಟಸ್ ಜನರ ಬುದ್ಧಿಯೊಡನೆ ಮಾತನಾಡಿದನು, ಆಂಟನಿ ಅವರ ಹೃದಯದೊಡನೆ ಮಾತನಾಡಿದನು, ಜನ ಸ್ವಭಾವತಃ ಭಾವಪರವಶರಾದುದರಿಂದ ಬುದ್ಧಿ ಸೋತಿತು, ಭಾವ ಗೆದ್ದಿತು. ಈ ತೀರ್ಪು ಸರಳವಾಗಿದೆ, ನೆನಪಿನಲ್ಲಿಟ್ಟುಕೊಳ್ಳಲು ಸುಲಭವೂ ಆಗಿದೆ. ಆದರೆ ಮೂಲವನ್ನು ಎದುರಿಗಿಟ್ಟುಕೊಂಡು ಸಾವಧಾನವಾಗಿ ಓದಿದರೆ ಇದು ನಿಲ್ಲಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಎರಡು ಭಾಷಣಗಳ ವಿಷಯದಲ್ಲಿ ಪ್ರಾಚೀನರು ಏನು ಹೇಳಿದರು, ಕವಿ ಅದನ್ನು ಹೇಗೆ ಮಾರ್ಪಡಿಸಿದನು, ಅಲಂಕಾರಶಾಸ್ತ್ರದ ಬೆಳಕಿನಲ್ಲಿ ಇವುಗಳ ನಿಜವಾದ ಬಲಾಬಲಗಳೇನು ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಮೊದಲು ಇತಿಹಾಸದ ಮಾತು. ಕ್ರಿ.ಪೂ. 44ನೆಯ ಇಸವಿಯ ಮಾರ್ಚ್ 15ರಂದು, ಪಾಂಪೆಯ ನಾಟ್ಯಮಂದಿರಕ್ಕೆ ಸೇರಿದ ಸಭಾಭವನದಲ್ಲಿ ಸೀಸರನ ಕೊಲೆಯಾಯಿತು. ಬ್ರೂಟಸ್ ಜನರನ್ನು ಉದ್ದೇಶಿಸಿ ಮಾತನಾಡಿದುದು ಕೊಲೆಗೆ ಹೊಂದಿಕೊಂಡಂತೆ. ಆಂಟನಿ ಮಾತನಾಡಿದುದು ಕೆಲವು ದಿನಗಳ ತರುವಾಯ, ಶವಸಂಸ್ಕಾರದ ಸಮಯದಲ್ಲಿ. ಅಂದರೆ ಇಬ್ಬರೂ ಒಂದೇ ಸಭೆಯಲ್ಲಿ ಎದುರುಬದುರಾಗಿ ಮಾತನಾಡಿದುದೇ ಇಲ್ಲ. ಬ್ರೂಟಸನ ಮಾತನ್ನು ಜನ ಮೌನವಾಗಿ ಕೇಳಿದರೆಂದು ಪ್ಲುಟಾರ್ಕ್ ಬರೆಯುತ್ತಾನೆ. ಆ ಮೌನದಲ್ಲಿ ಬ್ರೂಟಸನ ವ್ಯಕ್ತಿತ್ವದ ಬಗೆಗಿನ ಗೌರವವೂ ಸೀಸರನ ಬಗೆಗಿನ ಅನುಕಂಪವೂ ಒಟ್ಟಾಗಿ ಸೇರಿದ್ದುವು. ಆಂಟನಿಯ ಮಾತಿನ ವಿಷಯದಲ್ಲಂತೂ ಪ್ರಾಚೀನರಲ್ಲಿಯೇ ಏಕಾಭಿಪ್ರಾಯವಿಲ್ಲ. ಸ್ಯೂಟೋನಿಯಸನ ಪ್ರಕಾರ ಅವನು ಭಾಷಣವನ್ನೇ ಮಾಡಲಿಲ್ಲ. ಸೆನೆಟ್ ಸಭೆ ಸೀಸರನಿಗೆ ಕೊಟ್ಟಿದ್ದ ಗೌರವಗಳ ನಿರ್ಣಯವನ್ನೂ ಅವನ ರಕ್ಷಣೆಗೆಂದು ಸದಸ್ಯರೆಲ್ಲರೂ ಮಾಡಿದ್ದ ಪ್ರಮಾಣವಚನವನ್ನೂ ಸಾರುವವನಿಂದ ಓದಿಸಿ, ತಾನು ಕೆಲವೇ ಮಾತುಗಳನ್ನು ಸೇರಿಸಿದನು. ಅಪಿಯನ್ ವರ್ಣಿಸುವ ಆಂಟನಿಯಾದರೋ ಮಹಾನಟ: ಶವದ ಮೇಲೆ ಬಾಗಿ ಸ್ತೋತ್ರದಂತೆ ಹಾಡುತ್ತಾನೆ, ರಕ್ತಸಿಕ್ತವಾದ ವಸ್ತ್ರವನ್ನು ಭರ್ಜಿಯ ತುದಿಯಲ್ಲಿ ಎತ್ತಿ ಹಿಡಿಯುತ್ತಾನೆ, ಇಪ್ಪತ್ಮೂರು ಗಾಯಗಳನ್ನು ತೋರಿಸುವ ಮೇಣದ ಪ್ರತಿಮೆಯೊಂದು ಯಂತ್ರದ ಸಹಾಯದಿಂದ ಸುತ್ತಲೂ ತಿರುಗಿ ಜನರ ಕಣ್ಣಿಗೆ ಬೀಳುತ್ತದೆ. ಡಿಯೋ ಕ್ಯಾಸಿಯಸ್ ಆಂಟನಿಯ ಬಾಯಲ್ಲಿ ಅತಿ ದೀರ್ಘವಾದ ಚರಮಭಾಷಣವೊಂದನ್ನು ಇಟ್ಟಿದ್ದಾನೆ. ಪ್ಲುಟಾರ್ಕನು ಮಾತುಗಳನ್ನು ಕೊಡದೆ, ಜನರ ಮನಸ್ಸು ಕರಗುತ್ತಿರುವುದನ್ನು ಕಂಡ ಆಂಟನಿ ಅವರ ಕರುಣೆಯನ್ನು ಕೆರಳಿಸಿದನೆಂದೂ ಸೀಸರನ ಉಡುಪಿನ ತೂತುಗಳನ್ನು ಎತ್ತಿ ತೋರಿಸಿದನೆಂದೂ ಹೇಳಿ ಮುಂದೆ ಸಾಗುತ್ತಾನೆ.

ಆ ಕಾಲದಲ್ಲಿ ಬದುಕಿದ್ದ ಸಿಸಿರೋನ ಸಾಕ್ಷ್ಯ ಇವೆಲ್ಲಕ್ಕಿಂತ ಅಮೂಲ್ಯವಾದುದು. ಬ್ರೂಟಸ್ ಕ್ಯಾಪಿಟಲ್ ಬೆಟ್ಟದ ಮೇಲೆ ತಾನು ಮಾಡಿದ್ದ ಭಾಷಣದ ಪ್ರತಿಯನ್ನು, ಪ್ರಕಟಿಸುವುದಕ್ಕೆ ಮೊದಲು ನಿರ್ದಾಕ್ಷಿಣ್ಯವಾಗಿ ತಿದ್ದಿಕೊಡಬೇಕೆಂದು ಕೋರಿ, ಸಿಸಿರೋನಿಗೆ ಕಳುಹಿಸಿದ್ದನು. ಸಿಸಿರೋ ಅದನ್ನು ಓದಿ ಮಿತ್ರನಾದ ಅಟಿಕಸನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಭಾಷಣ ಭಾವದಲ್ಲಿಯೂ ಪದಪ್ರಯೋಗದಲ್ಲಿಯೂ ಅತ್ಯಂತ ಸೊಗಸಾಗಿದೆಯೆಂದು ಒಪ್ಪಿದ ಆ ಮಹಾವಾಗ್ಮಿ, ಇಂಥ ವಿಷಯ ತನ್ನ ಕೈಗೆ ಬಂದಿದ್ದರೆ ತಾನು ಇನ್ನೂ ಹೆಚ್ಚು ಜ್ವಲಂತವಾಗಿ ಬರೆಯುತ್ತಿದ್ದೆನೆಂದು ಸೇರಿಸುತ್ತಾನೆ. ಆಂಟನಿಯ ಮಾತಿನ ಪರಿಣಾಮವನ್ನು ಕುರಿತೂ ಅವನು ಅದೇ ಮಿತ್ರನಿಗೆ ಬರೆದಿದ್ದಾನೆ: ಸಾರ್ವಜನಿಕವಾದ ಶವಸಂಸ್ಕಾರ ನಡೆದರೆ ತಮ್ಮ ಪಕ್ಷ ಕೆಟ್ಟಂತೆಯೇ ಸರಿಯೆಂದು ಅಟಿಕಸ್ ಮುಂಚೆಯೇ ಎಚ್ಚರಿಸಿದ್ದನು, ಆದದ್ದೂ ಹಾಗೆಯೇ. ಹೀಗೆ, ಸೊಗಸಾದರೂ ಶೀತಲವಾದ ಒಂದು ಮಾತು, ಬೆಂಕಿ ಹಚ್ಚಿದ ಇನ್ನೊಂದು ಮಾತು ಎಂಬ ಭೇದ ಕವಿಕಲ್ಪಿತವಾದುದಲ್ಲ; ಅದು ಘಟನೆಯ ಕಾಲದಿಂದಲೇ ಬಂದುದು.

ಷೇಕ್ಸ್‌ಪಿಯರನ ಕೈಗೆ ಸಿಕ್ಕಿದ ಮುಖ್ಯ ಆಕರ ಪ್ಲುಟಾರ್ಕನ ಜೀವನಚರಿತ್ರೆಗಳು. ಅವುಗಳನ್ನು ಥಾಮಸ್ ನಾರ್ತ್ ಎಂಬಾತ ಆಮ್ಯೋನ ಫ್ರೆಂಚ್ ಅನುವಾದದಿಂದ ಇಂಗ್ಲಿಷಿಗೆ ತಂದು 1579ರಲ್ಲಿ ಪ್ರಕಟಿಸಿದ್ದನು. ಅಪಿಯನ್‌ನ ಗ್ರಂಥವೂ 1578ರಲ್ಲಿ ಇಂಗ್ಲಿಷಿಗೆ ಬಂದಿತ್ತು. ನಾಟಕ ರಂಗಕ್ಕೆ ಬಂದುದು 1599ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ, ಥೇಮ್ಸ್ ನದಿಯ ಆಚೆ ದಡದ ಹುಲ್ಲುಚಾವಣಿಯ ರಂಗಮಂದಿರದಲ್ಲಿ ಸೀಸರನ ಕಥೆಯ ನಾಟಕವನ್ನು ನೋಡಿದುದಾಗಿ ಬರೆದಿಟ್ಟಿದ್ದಾನೆ. ಮುದ್ರಣವಾದುದು ಮಾತ್ರ ಕವಿ ತೀರಿಕೊಂಡ ಮೇಲೆ, 1623ರ ಬೃಹತ್ಸಂಪುಟದಲ್ಲಿ. ಪ್ಲುಟಾರ್ಕನಿಂದ ಕವಿಗೆ ದೊರೆತ ಸೂಚನೆಗಳು ಎರಡು: ಬ್ರೂಟಸ್ ಗ್ರೀಕ್ ಭಾಷೆಯ ಪತ್ರಗಳಲ್ಲಿ ಸ್ಪಾರ್ಟಾದವರಂತೆ ಮಿತವಾದ, ಬಿಗಿಯಾದ, ಸೂತ್ರಪ್ರಾಯವಾದ ಮಾತನ್ನು ಅಭ್ಯಾಸ ಮಾಡಿದ್ದನು, ಆಂಟನಿಯಾದರೋ ಆಡಂಬರದಿಂದಲೂ ಉಬ್ಬರದಿಂದಲೂ ಕೂಡಿದ ಏಷ್ಯಾದ ಶೈಲಿಯನ್ನು ಮೆಚ್ಚಿದವನು. ಈ ಎರಡು ಬೀಜಗಳಿಂದ ಕವಿ ಎರಡು ವೃಕ್ಷಗಳನ್ನು ಬೆಳೆಸಿದನು. ಆದರೆ ಅವನ ನಿಜವಾದ ಸೃಷ್ಟಿ ಇರುವುದು ಎರಡನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿದುದರಲ್ಲಿ. ದಿನಗಳ ಅಂತರವನ್ನು ಅಳಿಸಿಹಾಕಿ, ಮೌನದಿಂದ ಕೇಳಿದ ಜನರನ್ನು ಜಯಘೋಷ ಮಾಡುವ ಜನರನ್ನಾಗಿ ಮಾರ್ಪಡಿಸಿ, ಶವಸಂಸ್ಕಾರಕ್ಕೆ ಮೊದಲೇ ಪ್ರಕಟವಾಗಿದ್ದ ಸೀಸರನ ಮರಣಶಾಸನವನ್ನು ಆಂಟನಿಯ ಮಾತಿನ ಕಟ್ಟಕಡೆಗೆ ತಳ್ಳಿ, ಒಂದು ಗದ್ಯಭಾಷಣಕ್ಕೆ ಎದುರಾಗಿ ಅದರ ಮೂರು ಪಾಲಿಗೂ ಹೆಚ್ಚಾದ ಪದ್ಯಭಾಷಣವನ್ನು ಇರಿಸಿ, ಅವನು ನಮ್ಮನ್ನು ತೂಕ ಮಾಡಿ ನೋಡುವಂತೆ ಬಲಾತ್ಕರಿಸುತ್ತಾನೆ.

ತೂಗುವುದಕ್ಕೆ ಪಾಶ್ಚಾತ್ಯರು ಬಳಸಿಕೊಂಡು ಬಂದಿರುವ ತಕ್ಕಡಿ ಅರಿಸ್ಟಾಟಲನ ಭಾಷಣಶಾಸ್ತ್ರ. ಮಾತಿನಿಂದ ಮನವೊಲಿಸುವ ಸಾಧನಗಳು ಮೂರೆಂದು ಅವನ ಮತ: ವಕ್ತೃವಿನ ಶೀಲ, ಶ್ರೋತೃಗಳ ಭಾವ, ವಿಷಯದ ಯುಕ್ತಿ. ತರಗತಿಗಳಲ್ಲಿ ಈ ಮೂರು ಹೆಸರುಗಳನ್ನು ಹಲಗೆಯ ಮೇಲೆ ಬರೆದು, ಭಾಷಣದ ಒಂದೊಂದು ವಾಕ್ಯವನ್ನೂ ಒಂದೊಂದು ಹೆಸರಿನ ಕೆಳಗೆ ಹಂಚುವ ಪದ್ಧತಿ ಬೆಳೆದಿದೆ. ಇದರಿಂದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಉಪಕಾರವಾಗಬಹುದಾದರೂ, ಅರಿಸ್ಟಾಟಲ್ ಹೇಳಿದ ಅತಿ ಮುಖ್ಯವಾದ ಎರಡು ಮಾತುಗಳು ಕೈಬಿಟ್ಟು ಹೋಗುತ್ತವೆ. ಶೀಲವೆಂಬುದು ಮೂರರಲ್ಲಿ ಬಹುಶಃ ಅತ್ಯಂತ ಬಲವಾದ ಸಾಧನವೆಂದು ಒಪ್ಪಿಕೊಳ್ಳುವ ಆತ, ಅದು ವಕ್ತೃವಿನ ಬಗ್ಗೆ ಜನರಲ್ಲಿ ಮೊದಲೇ ಇರುವ ಸದಭಿಪ್ರಾಯದಿಂದಲ್ಲದೆ ಮಾತಿನ ಮೂಲಕವೇ ಸಿದ್ಧವಾಗಬೇಕೆಂದು ವಿಧಿಸುತ್ತಾನೆ. ಇದು ಮೊದಲನೆಯ ಮಾತು. ಸಾಕ್ಷಿ, ಶಾಸನ, ಕರಾರುಪತ್ರ, ಪ್ರಮಾಣವಚನ ಮೊದಲಾದವು ವಕ್ತೃ ಕಲ್ಪಿಸಿದ ಪ್ರಮಾಣಗಳಲ್ಲ, ಹೊರಗಿನಿಂದ ಬಂದವು; ಅವನು ಅವುಗಳನ್ನು ಬಳಸಿಕೊಳ್ಳುವವನು ಮಾತ್ರ ಎಂಬುದು ಎರಡನೆಯದು. ಇವೆರಡನ್ನೂ ನೆನಪಿನಲ್ಲಿಟ್ಟುಕೊಂಡು ಭಾಷಣಗಳನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಬ್ರೂಟಸನ ಭಾಷಣದ ರಚನೆ ನಿರ್ದುಷ್ಟವಾದುದು. ಸಮತೂಕದ ವಾಕ್ಯಖಂಡಗಳು, ಒಂದರ ಪ್ರತಿಬಿಂಬದಂತೆ ಇನ್ನೊಂದು. ಸೀಸರನಲ್ಲಿ ಪ್ರೀತಿ ಕಡಮೆಯಾದುದರಿಂದಲ್ಲ, ರೋಮಿನಲ್ಲಿ ಪ್ರೀತಿ ಹೆಚ್ಚಾದುದರಿಂದ ಕೊಂದೆನೆಂಬ ವಿರೋಧಾಲಂಕಾರ. ಸೀಸರನ ಒಲುಮೆಗೆ ಕಂಬನಿ, ಸೌಭಾಗ್ಯಕ್ಕೆ ಸಂತೋಷ, ಪರಾಕ್ರಮಕ್ಕೆ ಗೌರವ, ಅಧಿಕಾರಲೋಭಕ್ಕೆ ಮರಣ ಎಂಬ ಕ್ರಮಬದ್ಧವಾದ ವಿಂಗಡಣೆ. ಓದುವವನಿಗೆ ಇದು ತರ್ಕದಂತೆ ಕಾಣುತ್ತದೆ. ಆದರೆ ತರ್ಕದ ಆಕಾರವಿರುವುದೆಲ್ಲ ತರ್ಕವಲ್ಲ. ಸೀಸರ್ ಅಧಿಕಾರಲೋಭಿಯಾಗಿದ್ದನೆಂಬುದೇ ಇಲ್ಲಿ ಸಾಧಿಸಬೇಕಾದ ಪಕ್ಷ. ಅದಕ್ಕೆ ಬ್ರೂಟಸ್ ಕೊಡುವ ಹೇತುವಾಗಲಿ ದೃಷ್ಟಾಂತವಾಗಲಿ ಒಂದಾದರೂ ಇಲ್ಲ. ನಮ್ಮ ನೈಯಾಯಿಕರ ಮುಂದೆ ಈ ಭಾಷಣವನ್ನು ಇಟ್ಟಿದ್ದರೆ, ಪ್ರತಿಜ್ಞೆಯನ್ನು ಕೇಳಿದೆವು, ಹೇತುವೆಲ್ಲಿ ಎಂದು ಮೊದಲನೆಯ ಉಸಿರಿಗೇ ಕೇಳುತ್ತಿದ್ದರು. ತನ್ನ ಮಾನಮರ್ಯಾದೆಯನ್ನು ನೋಡಿ ತನ್ನನ್ನು ನಂಬಬೇಕೆಂದು ಅವನು ಆರಂಭದಲ್ಲಿಯೇ ಕೇಳಿಕೊಳ್ಳುತ್ತಾನೆ. ಕೊಲೆಯ ಕಾರಣಗಳು ಕ್ಯಾಪಿಟಲ್‌ನಲ್ಲಿ ದಾಖಲಾಗಿವೆಯೆಂದು ಅಂತ್ಯದಲ್ಲಿ ತಿಳಿಸುತ್ತಾನೆ. ಕೇಳಲು ನಿಂತವರ ಮುಂದೆ ಕಾರಣಗಳನ್ನು ಬಿಚ್ಚದೆ, ಅವು ಬೇರೆಲ್ಲಿಯೋ ಬರೆದಿಟ್ಟಿವೆಯೆನ್ನುವುದು ಯುಕ್ತಿಯ ಭಾಷೆಯಲ್ಲ, ಅಧಿಕಾರದ ಭಾಷೆ.

ನಡುವೆ ಬರುವ ಪ್ರಶ್ನೆಗಳ ಸರಣಿಯನ್ನೂ ಗಮನಿಸಬೇಕು. ಗುಲಾಮನಾಗಿರಲು ಬಯಸುವಷ್ಟು ನೀಚನು ಇಲ್ಲಿ ಯಾರಿದ್ದಾನೆ, ದೇಶವನ್ನು ಪ್ರೀತಿಸದಷ್ಟು ಅಧಮನು ಯಾರಿದ್ದಾನೆ, ಅಂಥವನಿದ್ದರೆ ಬಾಯಿಬಿಡಲಿ, ಅವನಿಗೆ ಮಾತ್ರ ನಾನು ಅಪರಾಧ ಮಾಡಿದ್ದೇನೆ ಎಂಬ ಅರ್ಥದ ಮಾತುಗಳನ್ನಾಡಿ, ಉತ್ತರಕ್ಕಾಗಿ ಕಾಯುವವನಂತೆ ಅವನು ನಿಲ್ಲುತ್ತಾನೆ. ಯಾರು ತಾನೆ ಬಾಯಿ ಬಿಟ್ಟಾರು? ಸೀಸರ್ ನಿರಪರಾಧಿಯಾಗಿದ್ದಿರಬಹುದೆಂಬ ಸಂದೇಹವನ್ನು ವ್ಯಕ್ತಪಡಿಸಬೇಕಾದರೆ ಕೇಳುಗನು ಮೊದಲು ತಾನು ನೀಚನೆಂದೂ ದೇಶದ್ರೋಹಿಯೆಂದೂ ಒಪ್ಪಿಕೊಳ್ಳಬೇಕಾಗುತ್ತದೆ. ಇದು ಬುದ್ಧಿಗೆ ಕೊಟ್ಟ ಆಹ್ವಾನವೆನ್ನುವವರು ಆ ಬುದ್ಧಿಗೆ ಎಷ್ಟು ಸ್ಥಳ ಉಳಿದಿದೆಯೆಂಬುದನ್ನು ಅಳೆದು ನೋಡಬೇಕು. ಬ್ರೂಟಸ್ ಇಲ್ಲಿ ಸ್ಪರ್ಶಿಸುವುದು ನಾಚಿಕೆ, ಅಭಿಮಾನ, ದೇಶಭಕ್ತಿಗಳನ್ನು, ಇವೂ ಭಾವಗಳೇ. ದೇಶಕ್ಕೆ ಬೇಕಾದಾಗ ತನಗೂ ಅದೇ ಕಠಾರಿಯಿದೆಯೆಂದು ಅವನು ಮುಕ್ತಾಯ ಮಾಡುವುದಂತೂ ಭಾವದ ಶಿಖರ. ಯುಕ್ತಿಯ ಲೇಶವೂ ಅದರಲ್ಲಿಲ್ಲ.

ಇದೇಕೆ ಹೀಗಾಯಿತು? ಉತ್ತರ ಎರಡನೆಯ ಅಂಕದಲ್ಲಿಯೇ ಇದೆ. ತೋಟದಲ್ಲಿ ನಡುರಾತ್ರಿ ಒಬ್ಬನೇ ತರ್ಕಿಸಿಕೊಳ್ಳುವ ಬ್ರೂಟಸ್, ಸೀಸರನ ಮೇಲೆ ತನಗೆ ವೈಯಕ್ತಿಕವಾದ ದ್ವೇಷವಿಲ್ಲವೆಂದೂ, ಭಾವೋದ್ರೇಕ ಅವನ ವಿವೇಕವನ್ನು ಮೀರಿದುದನ್ನು ತಾನು ಕಂಡಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಕಿರೀಟ ಬಂದರೆ ಸ್ವಭಾವ ಬದಲಾದೀತು, ಆದುದರಿಂದ ಹಾವನ್ನು ಮೊಟ್ಟೆಯಲ್ಲಿಯೇ ಕೊಲ್ಲಬೇಕು ಎಂಬುದಷ್ಟೇ ಅವನ ನಿರ್ಣಯ. ಈ ಸ್ವಗತವನ್ನು ಓದಿ ಕೋಲ್‌ರಿಜ್‌ನಂಥ ವಿಮರ್ಶಕನೂ, ಕವಿ ಬ್ರೂಟಸನನ್ನು ಎಂಥ ಮನುಷ್ಯನನ್ನಾಗಿ ಉದ್ದೇಶಿಸಿದನೋ ತಿಳಿಯದೆಂದು ದಿಗ್ಭ್ರಮೆಗೊಂಡನು. ನನಗೆ ತೋರುವ ಮಟ್ಟಿಗೆ ಕವಿಯ ಉದ್ದೇಶ ಸ್ಪಷ್ಟವಾಗಿಯೇ ಇದೆ. ಬ್ರೂಟಸನಲ್ಲಿದ್ದುದು ಭವಿಷ್ಯತ್ತಿನ ಭೀತಿ. ಅದು ಒಬ್ಬ ಸಜ್ಜನನನ್ನು ಒಂದು ರಾತ್ರಿಯ ಏಕಾಂತದಲ್ಲಿ ಒಪ್ಪಿಸಬಲ್ಲುದು, ಹಗಲಿನಲ್ಲಿ ಒಂದು ಸಭೆಗೆ ಸಾಕ್ಷ್ಯವಾಗಲಾರದು. ಕೊಲೆಯಾದೊಡನೆ ಅವನು ಆಂಟನಿಗೆ, ನೀನು ಸೀಸರನ ಮಗನೇ ಆಗಿದ್ದರೂ ಒಪ್ಪುವಂಥ ಕಾರಣಗಳು ನಮ್ಮಲ್ಲಿವೆ ಎಂದು ಭರವಸೆ ಕೊಡುತ್ತಾನೆ. ಆ ಕಾರಣಗಳನ್ನು ಆಂಟನಿಯೂ ಕೇಳಲಿಲ್ಲ, ಪೌರರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕಾರಣದ ಸ್ಥಾನದಲ್ಲಿ ಅವನು ತನ್ನ ಶೀಲವನ್ನೇ ನಿಲ್ಲಿಸಿದನು. ಅದೂ ಮಾತಿನಲ್ಲಿ ಸಿದ್ಧಪಡಿಸಿದ ಶೀಲವಲ್ಲ, ಹಿಂದೆ ಗಳಿಸಿದ್ದ ಕೀರ್ತಿ. ಬೇರೆ ಆಧಾರವಿಲ್ಲದ ಕಟ್ಟಡದಲ್ಲಿ ಆ ಒಂದು ಕಂಬಕ್ಕೆ ಪೆಟ್ಟು ಬಿದ್ದರೆ ಸಾಕಾಗಿತ್ತು. ಆಂಟನಿ ಕೈಯಿಕ್ಕಿದುದೂ ಅಲ್ಲಿಗೇ.

ಆಂಟನಿ ಮಾತನಾಡುವ ಪರಿಸ್ಥಿತಿ ಎಷ್ಟು ವಿಷಮವಾದುದೆಂಬುದನ್ನು ಮರೆಯಬಾರದು. ಪಿತೂರಿಯಲ್ಲಿ ತನ್ನ ಜೊತೆಗಾರನಾದ ಕ್ಯಾಸಿಯಸನ ವಿರೋಧವನ್ನು ಲೆಕ್ಕಿಸದೆ ಬ್ರೂಟಸ್ ಅವನಿಗೆ ಅನುಮತಿ ಕೊಟ್ಟಿದ್ದಾನೆ, ನಿಜ, ಆದರೆ ನಿಬಂಧನೆಗಳೊಡನೆ. ಕೊಂದವರನ್ನು ನಿಂದಿಸಕೂಡದು, ಸೀಸರನ ಗುಣಗಳನ್ನು ಹೇಳಬಹುದು, ಬ್ರೂಟಸನ ತರುವಾಯ, ಅದೇ ವೇದಿಕೆಯಿಂದ, ಅವರ ಅನುಮತಿಯಿಂದಲೇ ಮಾತನಾಡುತ್ತಿದ್ದೇನೆಂದು ತಿಳಿಸಬೇಕು. ಜನರೋ ಬ್ರೂಟಸನ ಕಡೆಗೆ ಒಲಿದಿದ್ದಾರೆ. ಸೀಸರ್ ಕ್ರೂರಿಯಾಗಿದ್ದನು, ಸತ್ತುದು ಒಳ್ಳೆಯದಾಯಿತು ಎನ್ನುತ್ತಿದ್ದಾರೆ. ಆದುದರಿಂದ ಅವನು ಸೀಸರನನ್ನು ಹೊಗಳಲು ಬಂದವನಲ್ಲವೆಂದೇ ಪ್ರಾರಂಭಿಸುತ್ತಾನೆ. ಬ್ರೂಟಸ್ ಗೌರವಾನ್ವಿತನೆಂದು ಒಪ್ಪಿಕೊಳ್ಳುತ್ತಾನೆ. ಅನಂತರ ಬ್ರೂಟಸ್ ಬಿಟ್ಟುಹೋಗಿದ್ದ ಖಾಲಿ ಸ್ಥಳದಲ್ಲಿ ಒಂದೊಂದಾಗಿ ಸಂಗತಿಗಳನ್ನು ಇಡುತ್ತಾನೆ. ಸೀಸರ್ ಸೆರೆಯಾಳುಗಳನ್ನು ತಂದು, ಅವರ ಬಿಡುಗಡೆಯ ಹಣವನ್ನು ಸಾರ್ವಜನಿಕ ಬೊಕ್ಕಸಕ್ಕೆ ತುಂಬಿದನು. ಬಡವರು ಅತ್ತಾಗ ಅವನೂ ಅತ್ತನು. ಲೂಪರ್ಕಲ್ ಹಬ್ಬದ ದಿನ ಮೂರು ಸಲ ಕೊಡಬಂದ ಕಿರೀಟವನ್ನು ಮೂರು ಸಲವೂ ನಿರಾಕರಿಸಿದನು.

ಈ ಮೂರು ಸಂಗತಿಗಳು ನಿರ್ಣಾಯಕವಾದ ಪ್ರಮಾಣಗಳೆಂದು ನಾನು ವಾದಿಸುವುದಿಲ್ಲ. ಬೊಕ್ಕಸ ತುಂಬಿದವನೂ ರಾಜ್ಯಲೋಭಿಯಾಗಿರಬಹುದು; ಕಂಬನಿಗೂ ಮಹತ್ವಾಕಾಂಕ್ಷೆಗೂ ವಿರೋಧವಿಲ್ಲ; ಕಿರೀಟವನ್ನು ಸೀಸರ್ ಪ್ರತಿಸಲವೂ ಹಿಂದಿನದಕ್ಕಿಂತ ಹೆಚ್ಚು ಮನಸ್ಸಿಲ್ಲದ ಮನಸ್ಸಿನಿಂದ ದೂರ ಸರಿಸಿದನೆಂದು ಮೊದಲನೆಯ ಅಂಕದಲ್ಲಿ, ಪಿತೂರಿಗಾರರಲ್ಲೊಬ್ಬನಾದ ಕ್ಯಾಸ್ಕ ವರದಿ ಮಾಡಿದ್ದಾನೆ. ಆದರೂ ಇವು ಸಂಗತಿಗಳು. ಜನರಲ್ಲಿ ಹಲವರು ಕಣ್ಣಾರೆ ಕಂಡಿದ್ದವು. ಬ್ರೂಟಸ್ ಹೇಳಿದ್ದನ್ನು ಪರೀಕ್ಷಿಸಲು ಅವರಿಗೆ ದೊರೆತ ಮೊದಲ ಸಾಮಗ್ರಿ ಇದೇ. ಕವಿ ಇಲ್ಲಿ ಇಟ್ಟಿರುವ ಒಂದು ಸಣ್ಣ ಮಾತನ್ನು ಭಾವ–ಬುದ್ಧಿಗಳ ದ್ವಂದ್ವವನ್ನು ಹೇಳುವವರು ಗಮನಿಸಿದಂತೆ ಕಾಣುವುದಿಲ್ಲ: ಆಂಟನಿ ಗದ್ಗದಿತನಾಗಿ ನಿಂತಾಗ ಒಬ್ಬ ಪೌರನು, ಇವನ ಮಾತಿನಲ್ಲಿ ಬಹಳ ನ್ಯಾಯ ಇದ್ದಂತೆ ತೋರುತ್ತದೆಯೆನ್ನುತ್ತಾನೆ, ಇನ್ನೊಬ್ಬನು ಕಿರೀಟವನ್ನು ಬೇಡವೆಂದವನು ಅಧಿಕಾರಲೋಭಿಯಾಗಿರಲಾರನೆಂದು ತೀರ್ಮಾನಿಸುತ್ತಾನೆ. ಇದು ಅನುಮಾನಪ್ರಮಾಣ, ದುರ್ಬಲವಾದರೂ ವಿಚಾರವೇ. ಬ್ರೂಟಸನ ಮಾತು ಮುಗಿದಾಗ ಇದೇ ಜನ ಆಡಿದ್ದೇನು? ಅವನಿಗೊಂದು ಪ್ರತಿಮೆಯನ್ನು ನಿಲ್ಲಿಸೋಣ, ಅವನೇ ಸೀಸರನಾಗಲಿ! ಒಬ್ಬ ಅರಸನಾದಾನೆಂಬ ಭೀತಿಯಿಂದ ಕೊಂದವನನ್ನು ಅರಸನನ್ನಾಗಿ ಮಾಡಹೊರಟ ಜನರಿಗೆ ಬ್ರೂಟಸನ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ. ಅವರು ಮಾತನ್ನು ಒಪ್ಪಿರಲಿಲ್ಲ, ವ್ಯಕ್ತಿಯನ್ನು ಆರಾಧಿಸಿದ್ದರು. ವಿಚಾರದ ಮೊದಲನೆಯ ಚಲನೆ ಆ ಸಭೆಯಲ್ಲಿ ಕಾಣಿಸಿಕೊಂಡುದು ಆಂಟನಿ ಮಾತನಾಡುವಾಗ. ಇದು ವಿಷಾದಕರ, ಆದರೆ ಸತ್ಯ.

ಆಂಟನಿಯ ಕಲೆಯ ತಿರುಳು ಬ್ರೂಟಸನನ್ನು ಗೌರವಾನ್ವಿತನೆಂದು ಕರೆಯುವ ಪಲ್ಲವಿಯಲ್ಲಿದೆ. ನಮ್ಮ ಆಲಂಕಾರಿಕರು ಇದನ್ನು ವಿಪರೀತಲಕ್ಷಣೆಯ ಪ್ರಕರಣದಲ್ಲಿ ಉದಾಹರಣೆಯಾಗಿ ಸಂತೋಷದಿಂದ ಸೇರಿಸಿಕೊಳ್ಳುತ್ತಿದ್ದರು. ಅಪಕಾರ ಮಾಡಿದವನಿಗೆ ಎಷ್ಟೊಂದು ಉಪಕಾರ ಮಾಡಿದೆಯೆಂದು ಹೇಳುವಲ್ಲಿ ವಾಚ್ಯಾರ್ಥ ಬಾಧಿತವಾಗಿ ತದ್ವಿರುದ್ಧವಾದ ಅರ್ಥ ಹೊಳೆಯುತ್ತದೆಯಷ್ಟೆ. ಆಂಟನಿಯ ವಿಶೇಷವೆಂದರೆ, ಅವನಾಡಿದ ಮಾತಿನಲ್ಲಿ ಪ್ರಾರಂಭದಲ್ಲಿ ವಾಚ್ಯಾರ್ಥಕ್ಕೆ ಯಾವ ಬಾಧೆಯೂ ಇಲ್ಲ. ಮೊದಲ ಸಲ ಹೇಳಿದಾಗ ಅದು ಕೇವಲ ಶಿಷ್ಟಾಚಾರ. ಒಂದು ಸಂಗತಿಯಾದ ಮೇಲೆ ಮತ್ತೆ ಹೇಳಿದಾಗ ಕೇಳುಗನ ಮನಸ್ಸಿನಲ್ಲಿ ಸಣ್ಣ ತೊಡಕು. ಎರಡನೆಯ ಸಂಗತಿಯಾದ ಮೇಲೆ ಪ್ರಶ್ನೆ. ಮೂರನೆಯದಾದ ಮೇಲೆ ಸಂದೇಹ. ಕಡೆಗೆ ಒಬ್ಬ ಪೌರನು, ಗೌರವಾನ್ವಿತರಂತೆ, ದ್ರೋಹಿಗಳವರು ಎಂದು ತಾನಾಗಿಯೇ ಕೂಗುತ್ತಾನೆ. ಪದ ಒಂದೇ, ಬದಲಾದುದು ಅದರ ಸುತ್ತಣ ಪ್ರಕರಣ ಮತ್ತು ಕಾಕು. ಅಲ್ಲಿಯವರೆಗೆ ನಿಂದೆಯ ಶಬ್ದವನ್ನು ಆಂಟನಿ ಉಚ್ಚರಿಸಲೇ ಇಲ್ಲ. ಜನರ ಬಾಯಿಂದ ಹೊರಡಿಸಿದನು. ಬ್ರೂಟಸನ ನಿಬಂಧನೆ ಅಕ್ಷರಶಃ ಪಾಲಿತವಾಯಿತು, ಅರ್ಥತಃ ನಾಶವಾಯಿತು. ಮತ್ತು ಬ್ರೂಟಸನ ಭಾಷಣ ನಿಂತಿದ್ದುದೇ ಆ ಗೌರವದ ಮೇಲಾದುದರಿಂದ, ಅದು ಕುಸಿದೊಡನೆ ಉಳಿದುದೆಲ್ಲವೂ ಕುಸಿಯಿತು.

ಇದಾದ ಮೇಲೆ ಆಂಟನಿ ಹೊರಗಿನ ಪ್ರಮಾಣಗಳಿಗೆ ಕೈ ಹಾಕುತ್ತಾನೆ. ಮರಣಶಾಸನವನ್ನು ತೋರಿಸಿ, ಓದುವುದಿಲ್ಲವೆನ್ನುತ್ತಾನೆ. ಓದಿದರೆ ನೀವು ಕೆರಳುವಿರೆಂದು ಎಚ್ಚರಿಸುವ ನೆವದಲ್ಲಿ ಕೆರಳಿಸುತ್ತಾನೆ. ವೇದಿಕೆಯಿಂದ ಇಳಿಯಲು ಜನರ ಅಪ್ಪಣೆ ಬೇಡುತ್ತಾನೆ. ಬ್ರೂಟಸ್ ಮೇಲೆ ನಿಂತು ಮಾತನಾಡಿ ಹೊರಟುಹೋದನು. ಆಂಟನಿ ಕೆಳಗೆ ಬಂದು, ಶವದ ಸುತ್ತ ಜನರನ್ನು ವರ್ತುಲವಾಗಿ ನಿಲ್ಲಿಸಿ, ಅವರ ನಡುವೆ ನಿಂತನು. ಅಲ್ಲಿಂದ ಮುಂದಿನದು ವಸ್ತ್ರದ ಪ್ರಕರಣ. ರೋಮಿನ ಭಾಷಣಶಾಸ್ತ್ರಜ್ಞನಾದ ಕ್ವಿಂಟಿಲಿಯನ್, ಕಣ್ಣಿಗೆ ಕಾಣುವ ವಸ್ತುಗಳು ಜನರ ಮನಸ್ಸನ್ನು ಎಷ್ಟು ಕಲಕುತ್ತವೆ ಎಂಬುದನ್ನು ವಿವರಿಸುವಾಗ, ಸೀಸರನ ಆ ರಕ್ತಸಿಕ್ತ ವಸ್ತ್ರವನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಷೇಕ್ಸ್‌ಪಿಯರನ ಆಂಟನಿ ವಸ್ತ್ರವನ್ನು ತೋರಿಸುವ ಮುನ್ನ ಅದಕ್ಕೊಂದು ಪೂರ್ವಕಥೆಯನ್ನು ಕೊಡುತ್ತಾನೆ: ನರ್ವಿ ಜನಾಂಗವನ್ನು ಗೆದ್ದ ದಿನದ ಸಂಜೆ, ಬೇಸಗೆಯ ಶಿಬಿರದಲ್ಲಿ, ಸೀಸರ್ ಇದನ್ನು ಮೊದಲ ಸಲ ಹೊದ್ದಿದ್ದನಂತೆ. ಅನಂತರ ಒಂದೊಂದು ತೂತನ್ನೂ ಬೆರಳಿಟ್ಟು ತೋರಿಸಿ, ಇದು ಕ್ಯಾಸಿಯಸನ ಇರಿತ, ಇದು ಕ್ಯಾಸ್ಕನದು, ಇದು ಪ್ರೀತಿಯ ಬ್ರೂಟಸನದು ಎಂದು ಹೆಸರಿಸುತ್ತಾನೆ.

ಇಲ್ಲಿ ಓದುಗನು ಕ್ಷಣಕಾಲ ನಿಂತು ಯೋಚಿಸಬೇಕು. ಕೊಲೆ ನಡೆದಾಗ ಆಂಟನಿ ಅಲ್ಲಿರಲಿಲ್ಲ. ಪಿತೂರಿಗಾರನಾದ ಟ್ರೆಬೋನಿಯಸ್ ಅವನನ್ನು ಉಪಾಯದಿಂದ ಹೊರಗೆ ಕರೆದೊಯ್ದಿದ್ದನು. ಯಾವ ತೂತು ಯಾರ ಕಠಾರಿಯದೆಂದು ಅವನಿಗೆ ತಿಳಿದಿರಲು ಸಾಧ್ಯವೇ ಇಲ್ಲ. ನರ್ವಿ ಯುದ್ಧ ನಡೆದುದು ಕ್ರಿ.ಪೂ. 57ರಲ್ಲಿ, ಇತಿಹಾಸದ ಆಂಟನಿ ಗಾಲ್ ದೇಶದಲ್ಲಿ ಸೀಸರನನ್ನು ಸೇರಿಕೊಂಡುದು ಅದಾದ ಕೆಲವು ವರ್ಷಗಳ ಮೇಲೆ. ಮೊದಲ ಭಾಗದಲ್ಲಿ ಜನರು ಬಲ್ಲ ಸಂಗತಿಗಳನ್ನು ನೆನಪಿಸಿದವನು, ಈಗ ಯಾರೂ ಪರೀಕ್ಷಿಸಲಾರದ ಸಂಗತಿಗಳನ್ನು ಸೃಷ್ಟಿಸುತ್ತಿದ್ದಾನೆ. ಮೊದಲು ಗಳಿಸಿದ ನಂಬಿಕೆಯ ಬಲದಿಂದ ಎರಡನೆಯದು ಸಾಗುತ್ತದೆ. ಮಿಥ್ಯೆ ಸತ್ಯದ ಹೆಗಲೇರಿ ಬರುವ ಈ ರೀತಿಯನ್ನು ಕವಿ ಎಷ್ಟು ಸೂಕ್ಷ್ಮವಾಗಿ ಕಂಡಿದ್ದನೆಂದರೆ, ಆ ಗಡಿರೇಖೆ ಎಲ್ಲಿ ದಾಟಿತೆಂಬುದು ಪ್ರೇಕ್ಷಕನಿಗೂ ಒಡನೆ ತಿಳಿಯುವುದಿಲ್ಲ. ತಾನು ಬ್ರೂಟಸನಂಥ ವಾಗ್ಮಿಯಲ್ಲ, ಮಿತ್ರನನ್ನು ಪ್ರೀತಿಸಿದ ಸಾಧಾರಣ ಮನುಷ್ಯನೆಂದು ಆಂಟನಿ ಹೇಳಿಕೊಳ್ಳುವುದು ಇದಾದ ಮೇಲೆಯೇ. ಅರಿಸ್ಟಾಟಲ್ ವಿಧಿಸಿದಂತೆ ಮಾತಿನೊಳಗೇ ಕಟ್ಟಿದ ಶೀಲದ ಪರಾಕಾಷ್ಠೆ ಅದು.

ಎಲ್ಲಕ್ಕೂ ಕೊನೆಯದು ಮರಣಶಾಸನ. ಕಿಡಿಗೆದರಿದ ಜನ ಅದನ್ನು ಮರೆತು ಓಡಹೊರಟಾಗ ಆಂಟನಿಯೇ ಕರೆದು ನೆನಪಿಸುತ್ತಾನೆ. ಪ್ರತಿಯೊಬ್ಬ ಪೌರನಿಗೂ 75 ದ್ರಾಖ್ಮ, ಟೈಬರ್ ನದಿಯ ಬದಿಯ ಉದ್ಯಾನಗಳು. ಸ್ಯೂಟೋನಿಯಸ್ ಕೊಡುವ 300 ಸೆಸ್ಟರ್ಸ್ ಎಂಬ ಲೆಕ್ಕವೂ ಇದೂ ಒಂದೇ. ಕರುಣೆ, ಕೋಪ, ಕೃತಜ್ಞತೆ ಇವುಗಳ ಮೇಲೆ ಲಾಭವನ್ನೂ ಸೇರಿಸಿ ಅವನು ಮುದ್ರೆಯೊತ್ತಿದನು.

ಆಧುನಿಕ ವಿಮರ್ಶಕರೂ ರಂಗಕರ್ಮಿಗಳೂ ಈ ದೃಶ್ಯವನ್ನು ಕಂಡ ಬಗೆಗಳನ್ನು ಸಂಕ್ಷೇಪವಾಗಿ ನೋಡಬಹುದು. ಅಮೆರಿಕದ ಕೆನೆತ್ ಬರ್ಕ್ 1935ರಲ್ಲಿ ಬರೆದ ಲೇಖನವೊಂದರಲ್ಲಿ, ಆಂಟನಿಯೇ ಪ್ರೇಕ್ಷಕರನ್ನು ಉದ್ದೇಶಿಸಿ ತನ್ನ ಭಾಷಣ ನಾಟಕದ ಯಂತ್ರದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸುವಂತೆ ಕಲ್ಪಿಸಿದನು. ಪೌರರಷ್ಟೇ ಅಲ್ಲ, ನಾವೂ ಅವನ ಶ್ರೋತೃಗಳೆಂಬುದು ಅದರಿಂದ ಮನದಟ್ಟಾಗುತ್ತದೆ. ಲಂಡನ್ನಿನಲ್ಲಿ 1898ರಲ್ಲಿ ಬಿಯರ್‌ಬೋಮ್ ಟ್ರೀ ತಾನೇ ಆಂಟನಿಯಾಗಿ ನಟಿಸಿ ನಾಟಕದ ಕೇಂದ್ರವನ್ನು ಆ ಪಾತ್ರದ ಕಡೆಗೆ ಸರಿಸಿದನು. 1953ರ ಚಲನಚಿತ್ರದಲ್ಲಿ ಮಾರ್ಲನ್ ಬ್ರಾಂಡೋ ಆಂಟನಿಯಾಗಿಯೂ ಜೇಮ್ಸ್ ಮೇಸನ್ ಬ್ರೂಟಸನಾಗಿಯೂ ಅಭಿನಯಿಸಿದರು. ನ್ಯೂಯಾರ್ಕಿನಲ್ಲಿ 1864ರ ನವೆಂಬರಿನಲ್ಲಿ ಬೂತ್ ಸಹೋದರರು ಮೂವರೂ ಕೂಡಿ ಈ ನಾಟಕವಾಡಿದಾಗ ಆಂಟನಿಯ ಪಾತ್ರ ವಹಿಸಿದ್ದವನು ಜಾನ್ ವಿಲ್ಕ್ಸ್ ಬೂತ್. ಐದು ತಿಂಗಳೊಳಗಾಗಿ, ನಿರಂಕುಶಪ್ರಭುವನ್ನು ಸಂಹರಿಸುತ್ತೇನೆಂಬ ಭ್ರಮೆಯಿಂದ ಅವನೇ ಅಬ್ರಹಾಂ ಲಿಂಕನನನ್ನು ಗುಂಡಿಟ್ಟು ಕೊಂದನು. ಆರ್ಸನ್ ವೆಲ್ಸ್ 1937ರಲ್ಲಿ, ಯೂರೋಪಿನಲ್ಲಿ ಸರ್ವಾಧಿಕಾರಿಗಳು ಮೆರೆಯುತ್ತಿದ್ದ ಕಾಲದಲ್ಲಿ, ಪಾತ್ರಧಾರಿಗಳಿಗೆ ಆ ಕಾಲದ ಸಮವಸ್ತ್ರಗಳನ್ನೇ ತೊಡಿಸಿ ನಾಟಕವಾಡಿಸಿದನು. ಆ ಪ್ರಯೋಗದಲ್ಲಿ ಪ್ರೇಕ್ಷಕರನ್ನು ಹೆಚ್ಚಾಗಿ ನಡುಗಿಸಿದುದು ಭಾಷಣಗಳಲ್ಲ, ಅವುಗಳ ನಂತರದ ಪುಟ್ಟ ದೃಶ್ಯ: ಸಿನ್ನನೆಂಬ ಕವಿಯನ್ನು ಜನರ ಗುಂಪು ಸುತ್ತುವರಿಯುತ್ತದೆ, ಅವನು ಪಿತೂರಿಗಾರ ಸಿನ್ನನಲ್ಲ, ಕವಿ ಸಿನ್ನನೆಂದು ತಿಳಿದ ಮೇಲೂ ಹೆಸರಿನ ಸಲುವಾಗಿಯೇ ಅವನನ್ನು ಎಳೆದೊಯ್ಯುತ್ತದೆ. ವೆಲ್ಸನ ಈ ಒತ್ತು ನನಗೆ ಸರಿಯಾದುದೆಂದೇ ತೋರುತ್ತದೆ. ಭಾಷಣಗಳನ್ನು ಅಳೆಯಬೇಕಾದುದು ಚಪ್ಪಾಳೆಯಿಂದಲ್ಲ, ಫಲದಿಂದ. ಕವಿ ಆ ಫಲವನ್ನು ನಮಗೆ ತೋರಿಸಿಯೇ ಇದ್ದಾನೆ.

ಇನ್ನೊಂದು ಫಲ ನಾಲ್ಕನೆಯ ಅಂಕದ ಪ್ರಾರಂಭದಲ್ಲಿದೆ. ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಎಂಬ ಮೂವರು ಒಂದು ಮೇಜಿನ ಸುತ್ತ ಕುಳಿತು, ಸಾಯಬೇಕಾದವರ ಹೆಸರುಗಳಿಗೆ ಗುರುತು ಹಾಕುತ್ತಿದ್ದಾರೆ. ಲೆಪಿಡಸ್ ತನ್ನ ಸೋದರನನ್ನು ಬಿಟ್ಟುಕೊಡುತ್ತಾನೆ, ಆಂಟನಿ ಸೋದರಿಯ ಮಗನನ್ನು. ಅಷ್ಟರಲ್ಲಿ ಆಂಟನಿ, ಸೀಸರನ ಮರಣಶಾಸನವನ್ನು ತರಿಸಬೇಕೆಂದೂ, ಅದರಲ್ಲಿ ಬಿಟ್ಟಿರುವ ಕೊಡುಗೆಗಳ ವೆಚ್ಚವನ್ನು ಎಲ್ಲಿ ಕಡಿತಗೊಳಿಸಬಹುದೆಂದು ನೋಡಬೇಕೆಂದೂ ಹೇಳುತ್ತಾನೆ. ಯಾವ ಪತ್ರವನ್ನು ಎತ್ತಿ ಹಿಡಿದು ಜನರನ್ನು ಬೆಂಕಿಯ ಕಡೆಗೆ ಓಡಿಸಿದನೋ ಅದೇ ಪತ್ರ. ಯಾವ ಪೌರರನ್ನು ಸೀಸರನ ವಾರಸುದಾರರೆಂದು ಕರೆದನೋ ಅದೇ ಪೌರರ ಪಾಲು.

ಹೀಗಾಗಿ, ಯಾರ ಭಾಷಣ ಉತ್ತಮವೆಂದು ಕೇಳಿದರೆ ಕಲೆಯ ದೃಷ್ಟಿಯಿಂದ ಆಂಟನಿಯದೆಂದು ಸಂಕೋಚವಿಲ್ಲದೆ ಹೇಳಬೇಕು. ಯಾರ ಉದ್ದೇಶ ಶುದ್ಧವೆಂದರೆ ಬ್ರೂಟಸನದು. ಆದರೆ ಬುದ್ಧಿ ಸೋತಿತು, ಭಾವ ಗೆದ್ದಿತು ಎಂಬ ತೀರ್ಪನ್ನು ಮಾತ್ರ ಕೈಬಿಡಬೇಕು. ಆ ಸಭೆಯಲ್ಲಿ ಬುದ್ಧಿ ಸ್ಪರ್ಧಿಸಲೇ ಇಲ್ಲ. ಬ್ರೂಟಸ್ ಜನರಿಗೆ ಕಾರಣವನ್ನು ಕೊಡುವುದು ತನ್ನ ಘನತೆಗೆ ಅನಗತ್ಯವೆಂದು ಬಗೆದನು. ಆಂಟನಿ ಅರ್ಧಸತ್ಯಗಳನ್ನು ಕೊಟ್ಟು ಅವರನ್ನು ಉಪಯೋಗಿಸಿಕೊಂಡನು. ರೋಮಿನ ಪೌರರನ್ನು ಚಂಚಲರೆಂದು ಹಳಿಯುವ ಮುನ್ನ, ಅವರ ಮುಂದೆ ಪೂರ್ಣವಾದ ವಿಚಾರವನ್ನು ಇಟ್ಟವರು ಯಾರೂ ಇರಲಿಲ್ಲವೆಂಬುದನ್ನು ನಾವು ಅವರ ಪರವಾಗಿ ಹೇಳಬೇಕು. ಈ ನಾಟಕವನ್ನು ಪಾಠ ಹೇಳುವ ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿ: ಪರೀಕ್ಷೆಗೆಂದು ಎರಡು ಭಾಷಣಗಳನ್ನಷ್ಟೇ ಕಿತ್ತು ಓದಿಸಬೇಡಿ. ಅವುಗಳ ಹಿಂದಿರುವ ತೋಟದ ಸ್ವಗತವನ್ನೂ, ಮುಂದಿರುವ ಸಿನ್ನನ ಕೊಲೆಯನ್ನೂ, ಮೂವರು ಕುಳಿತ ಮೇಜಿನ ದೃಶ್ಯವನ್ನೂ ಅದೇ ವಾರದಲ್ಲಿ ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸಿ.